ಶಾಸಕರ ಮಗ ಶಾಸಕನಾಗುವ ದಾರಿ: ಬೊಮ್ಮಾಯಿ ಕುಟುಂಬದ ಮೂರು ತಲೆಮಾರುಗಳಿಂದ ತಿಳಿಯುವುದು

2024ರ ನವೆಂಬರ್‌ನಲ್ಲಿ ಕರ್ನಾಟಕದ ಮೂರು ವಿಧಾನಸಭಾ ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಶಿಗ್ಗಾವಿ, ಚನ್ನಪಟ್ಟಣ, ಸಂಡೂರು. ಮೂರೂ ಕಡೆ ಹಳೆಯ ಶಾಸಕರು ಲೋಕಸಭೆಗೆ ಆಯ್ಕೆಯಾಗಿ ಹೋಗಿದ್ದರು. ಮೂರೂ ಕಡೆ ಅವರ ಮನೆಯವರೇ ಅಭ್ಯರ್ಥಿಗಳಾದರು. ಶಿಗ್ಗಾವಿಯಲ್ಲಿ ಬಸವರಾಜ ಬೊಮ್ಮಾಯಿ ಅವರ ಮಗ ಭರತ್, ಚನ್ನಪಟ್ಟಣದಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್, ಸಂಡೂರಿನಲ್ಲಿ ಇ. ತುಕಾರಾಂ ಅವರ ಪತ್ನಿ ಅನ್ನಪೂರ್ಣ. ಬಿಜೆಪಿ, ಜೆಡಿಎಸ್, ಕಾಂಗ್ರೆಸ್ ಮೂರೂ ಪಕ್ಷಗಳು ಒಂದೇ ರೀತಿ ಯೋಚಿಸಿದ್ದವು.

ಫಲಿತಾಂಶ ಮಾತ್ರ ಒಂದೇ ರೀತಿ ಬರಲಿಲ್ಲ. ಇಬ್ಬರು ಮಕ್ಕಳು ಸೋತರು, ಪತ್ನಿ ಗೆದ್ದರು.

ಇಂಥ ಚುನಾವಣೆ ಬಂದಾಗಲೆಲ್ಲ ಊರಲ್ಲಿ ಕೇಳುವ ಮೊದಲ ಪ್ರಶ್ನೆ, "ಟಿಕೆಟ್ ಮಗನಿಗೇನಾ?" ಎನ್ನುವುದು. ಅದರ ಹಿಂದೆಯೇ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ಟಿಕೆಟ್ ಕೊಡುವವರು ಯಾರು? ಎಂಎಲ್‌ಸಿ ಅಂದರೆ ಯಾರು? ಪಕ್ಷ ಬಿಟ್ಟರೆ ಸ್ಥಾನ ಯಾಕೆ ಹೋಗುತ್ತದೆ? ಒಬ್ಬರು ಸಂಸದರಾದರೆ ಮತ್ತೆ ಚುನಾವಣೆ ಯಾಕೆ? ಇವಕ್ಕೆಲ್ಲ ಉತ್ತರ ಹುಡುಕಲು ಬೊಮ್ಮಾಯಿ ಕುಟುಂಬದ ಕತೆ ತುಂಬ ಅನುಕೂಲ. ಶಾಸಕರೊಬ್ಬರ ಬದುಕಿನಲ್ಲಿ ಬರಬಹುದಾದ ಹೆಚ್ಚುಕಡಿಮೆ ಎಲ್ಲ ತಿರುವುಗಳೂ ಈ ಒಂದು ಮನೆಯಲ್ಲಿ ಸಿಗುತ್ತವೆ.

ಶಾಸಕರಿಗೆ ಎರಡು ಮನೆ

ಕರ್ನಾಟಕದ ಶಾಸಕಾಂಗದಲ್ಲಿ ಎರಡು ಸದನಗಳಿವೆ. ಕೆಳಮನೆ ವಿಧಾನಸಭೆ. ಅಲ್ಲಿ 224 ಜನ ಇದ್ದಾರೆ. ನಾವು ಮತಗಟ್ಟೆಗೆ ಹೋಗಿ ನೇರವಾಗಿ ಆರಿಸುವುದು ಇವರನ್ನು. ಇವರೇ ಎಂಎಲ್‌ಎ. ಐದು ವರ್ಷದ ಅವಧಿ, ನಿಲ್ಲಲು ಕನಿಷ್ಠ 25 ವರ್ಷ ಆಗಿರಬೇಕು.

ಮೇಲ್ಮನೆ ವಿಧಾನ ಪರಿಷತ್ತು. ಅಲ್ಲಿ 75 ಜನ. ಇವರು ಎಂಎಲ್‌ಸಿಗಳು. 25 ಮಂದಿಯನ್ನು ಶಾಸಕರು ಆರಿಸುತ್ತಾರೆ. ಇನ್ನು 25 ಮಂದಿಯನ್ನು ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಪದವೀಧರರು 7 ಮಂದಿಯನ್ನು, ಶಿಕ್ಷಕರು 7 ಮಂದಿಯನ್ನು ಕಳಿಸುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಇದಕ್ಕೆ ನಾಮಕರಣ ಎನ್ನುತ್ತಾರೆ. ಇಲ್ಲಿ ಅವಧಿ ಆರು ವರ್ಷ, ವಯಸ್ಸು ಕನಿಷ್ಠ 30. ಪರಿಷತ್ತು ಒಂದು ಮಸೂದೆಯನ್ನು ಕೆಲವು ತಿಂಗಳು ತಡೆಯಬಹುದು, ಪೂರ್ತಿ ತಡೆಯಲಾರದು. ಸರ್ಕಾರ ಉಳಿಯುವುದೂ ಬೀಳುವುದೂ ವಿಧಾನಸಭೆಯಲ್ಲಿ ಮಾತ್ರ.

ಪುಸ್ತಕದ ಪ್ರಕಾರ ಶಾಸಕರ ಕೆಲಸ ಕಾನೂನು ಮಾಡುವುದು, ಬಜೆಟ್ ಒಪ್ಪುವುದು, ಸರ್ಕಾರವನ್ನು ಪ್ರಶ್ನೆ ಕೇಳುವುದು. ತಾಲ್ಲೂಕಿನಲ್ಲಿ ಕಾಣುವ ಕೆಲಸ ಬೇರೆ. ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಮಂಜೂರು ಮಾಡುವ ಬಗರ್‌ಹುಕುಂ ಸಮಿತಿಗೆ ಅವರು ಅಧ್ಯಕ್ಷರು. ಮನೆ ಇಲ್ಲದವರಿಗೆ ಮನೆ, ನಿವೇಶನ ಹಂಚುವ ಆಶ್ರಯ ಸಮಿತಿಗೂ ಅವರೇ. ಸರ್ಕಾರದ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಯಲ್ಲಿ ತಹಶೀಲ್ದಾರರಿಂದ ಹಿಡಿದು ಕೃಷಿ ಅಧಿಕಾರಿವರೆಗೆ ಎಲ್ಲರೂ ಅವರ ಮುಂದೆ ಲೆಕ್ಕ ಒಪ್ಪಿಸಬೇಕು. ಕ್ಷೇತ್ರಾಭಿವೃದ್ಧಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ನಿಧಿ ಇದೆ. ಇದರ ಜೊತೆಗೆ ಬೆಳಗಾದರೆ ಮನೆ ಮುಂದೆ ಜನ. ಒಬ್ಬರಿಗೆ ಆಸ್ಪತ್ರೆಗೆ ಶಿಫಾರಸು ಪತ್ರ ಬೇಕು, ಇನ್ನೊಬ್ಬರಿಗೆ ಮಗಳ ವರ್ಗಾವಣೆ ಆಗಬೇಕು, ಮತ್ತೊಬ್ಬರ ಹೊಲದ ಕರೆಂಟಿನ ಟಿಸಿ ಸುಟ್ಟಿದೆ.

ಈ ಎರಡನೇ ಕೆಲಸವನ್ನು ಸರಿಯಾಗಿ ನೋಡದಿದ್ದರೆ ಕುಟುಂಬ ರಾಜಕಾರಣ ಯಾಕೆ ನಡೆಯುತ್ತದೆ ಎಂಬುದು ಅರ್ಥವಾಗುವುದಿಲ್ಲ. ಹದಿನೈದು, ಇಪ್ಪತ್ತು ವರ್ಷ ಒಬ್ಬರೇ ಶಾಸಕರಾಗಿದ್ದರೆ ಸಾವಿರಾರು ಮನೆಗಳಿಗೆ ಅವರಿಂದ ಒಂದಲ್ಲ ಒಂದು ಕೆಲಸ ಆಗಿರುತ್ತದೆ. ಯಾವ ಹಳ್ಳಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಆ ಮನೆಯವರಿಗೆ ಗೊತ್ತಿರುತ್ತದೆ. ಅವರ ಆಪ್ತ ಸಹಾಯಕರ ಫೋನಿನಲ್ಲಿ ಪ್ರತಿ ಬೂತಿನ ಕಾರ್ಯಕರ್ತರ ನಂಬರ್ ಇರುತ್ತದೆ.

ಹೆಸರಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಪುರಸಭೆಯ ಮಳಿಗೆಯನ್ನು ನೆನಪಿಸಿಕೊಳ್ಳಿ. ಅಪ್ಪ ಅಲ್ಲಿ ಇಪ್ಪತ್ತು ವರ್ಷ ಕಿರಾಣಿ ವ್ಯಾಪಾರ ಮಾಡಿದ್ದಾರೆ. ಮಗನಿಗೆ ಗಿರಾಕಿಗಳ ಪರಿಚಯ ಇದೆ, ಉದ್ರಿ ಪುಸ್ತಕ ಇದೆ, ಸಾಮಾನು ಕೊಡುವ ಹೋಲ್‌ಸೇಲ್ ಅಂಗಡಿಯವರ ನಂಬಿಕೆ ಇದೆ. ಆದರೆ ಮಳಿಗೆ ಪುರಸಭೆಯದು. ಗಡುವು ಮುಗಿದರೆ ಮತ್ತೆ ಹರಾಜು. ಶಾಸಕ ಸ್ಥಾನವೂ ಹಾಗೆಯೇ. ಪರಿಚಯ, ಕಾರ್ಯಕರ್ತರು, ಹಣ, ಹೆಸರು ಮಗನಿಗೆ ಬರುತ್ತವೆ. ಸ್ಥಾನ ಬರುವುದಿಲ್ಲ.

ಕಾನೂನಿನಲ್ಲಿ ಕುಟುಂಬದ ಬಗ್ಗೆ ಒಂದು ಮಾತೂ ಇಲ್ಲ. ಶಾಸಕರ ಮಗ ನಿಲ್ಲಬಾರದು ಎಂದೂ ಇಲ್ಲ, ಅವನಿಗೆ ಮೊದಲ ಅವಕಾಶ ಎಂದೂ ಇಲ್ಲ. ವಯಸ್ಸಾಗಿದ್ದು, ರಾಜ್ಯದ ಯಾವುದೇ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಸಿಗದಿದ್ದರೆ ಠೇವಣಿ ಹೋಗುತ್ತದೆ.

ನಿಜವಾದ ಬಾಗಿಲು ಬಿ ಫಾರಂ. ಈ ಅಭ್ಯರ್ಥಿ ನಮ್ಮವರು, ಇವರಿಗೆ ನಮ್ಮ ಚಿಹ್ನೆ ಕೊಡಿ ಎಂದು ಪಕ್ಷ ಚುನಾವಣಾಧಿಕಾರಿಗೆ ಬರೆದುಕೊಡುವ ಕಾಗದ ಅದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ತಲುಪಬೇಕು. ಜನ ಟಿಕೆಟ್ ಎನ್ನುವುದು ಇದನ್ನೇ. ಇದನ್ನು ಕೊಡುವುದು ಪಕ್ಷದ ವರಿಷ್ಠರು, ಮತದಾರರಲ್ಲ. ಪಕ್ಷದ ಸದಸ್ಯರು ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಪದ್ಧತಿ ನಮ್ಮ ಪಕ್ಷಗಳಲ್ಲಿ ಬೆಳೆದಿಲ್ಲ.

ವರಿಷ್ಠರು ಮಗನ ಕಡೆ ಯಾಕೆ ವಾಲುತ್ತಾರೆ? ಬರೀ ಮಮಕಾರ ಅಲ್ಲ. ಉಪಚುನಾವಣೆಯಲ್ಲಿ ಸಮಯ ಕಡಿಮೆ. ಹೊಸಬರ ಹೆಸರು ಹಳ್ಳಿಹಳ್ಳಿಗೆ ತಲುಪಿಸಲು ವಾರಗಳು ಬೇಕು, ಮಗನ ಹೆಸರು ಆಗಲೇ ತಲುಪಿರುತ್ತದೆ. ಹೊಸಬರಿಗೆ ಕೊಟ್ಟರೆ ಐದಾರು ಆಕಾಂಕ್ಷಿಗಳು ಮುನಿಸಿಕೊಳ್ಳುತ್ತಾರೆ. ಮನೆಯವರಿಗೇ ಕೊಟ್ಟರೆ ಉಳಿದವರು ಸುಮ್ಮನಾಗಬಹುದು ಎಂಬ ಲೆಕ್ಕ. ಖರ್ಚಿನ ಮಾತೂ ಇದೆ. ವಿಧಾನಸಭೆಗೆ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. ಈ ಮಿತಿ ಅಭ್ಯರ್ಥಿಗೆ, ಪಕ್ಷಕ್ಕಲ್ಲ. ಕಷ್ಟಪಟ್ಟು ಸಂಘಟನೆ ಕಟ್ಟಿದ ಸಾಮಾನ್ಯ ಕಾರ್ಯಕರ್ತ ಅಷ್ಟು ಹಣ ತರುವುದಾದರೂ ಎಲ್ಲಿಂದ? ಟಿಕೆಟ್ ಹಂತದಲ್ಲೇ ಅನೇಕ ಒಳ್ಳೆಯವರು ಉಳಿದುಹೋಗುತ್ತಾರೆ. ಕುಟುಂಬ ರಾಜಕಾರಣದ ನಿಜವಾದ ನಷ್ಟ ಇಲ್ಲೇ ಆಗುತ್ತದೆ ಎಂದು ನನಗೆ ಅನಿಸುತ್ತದೆ. ಮತಪತ್ರಕ್ಕೆ ಬಾರದ ಹೆಸರನ್ನು ಮತದಾರ ಆರಿಸಲಾರ, ಅಲ್ವಾ?

ಅಪ್ಪ: ಎಂಟು ತಿಂಗಳ ಮುಖ್ಯಮಂತ್ರಿ

ಬಸವರಾಜ ಅವರ ಅಪ್ಪ ಎಸ್.ಆರ್. ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ವಕೀಲರಾಗಿದ್ದವರು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾದರು. ದೂರವಾಣಿ ಕದ್ದಾಲಿಕೆ ಆರೋಪದ ಮೇಲೆ ಹೆಗಡೆ ರಾಜೀನಾಮೆ ಕೊಟ್ಟಾಗ, 1988ರ ಆಗಸ್ಟ್ 13ರಂದು ಬೊಮ್ಮಾಯಿ ಮುಖ್ಯಮಂತ್ರಿಯಾದರು.

1989ರ ಏಪ್ರಿಲ್‌ನಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇವತ್ತಿಗೂ ಯಾವುದೇ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೆ ಅದರ ನೆನಪು ಬರುತ್ತದೆ.

ಆಡಳಿತ ಪಕ್ಷದ ಒಬ್ಬ ಶಾಸಕರು 19 ಶಾಸಕರ ಪತ್ರಗಳನ್ನು ಹಿಡಿದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಬಳಿ ಹೋದರು. ನಾವು ಬೆಂಬಲ ವಾಪಸ್ ಪಡೆದಿದ್ದೇವೆ ಎಂದು ಆ ಪತ್ರಗಳಲ್ಲಿತ್ತು. ಸರ್ಕಾರಕ್ಕೆ ಬಹುಮತ ಇಲ್ಲ ಎಂದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಅಷ್ಟರಲ್ಲಿ ಆ 19 ಜನರಲ್ಲಿ 7 ಮಂದಿ, ನಮ್ಮನ್ನು ದಾರಿ ತಪ್ಪಿಸಿ ಸಹಿ ಪಡೆದಿದ್ದಾರೆ, ನಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದು ಬರೆದುಕೊಟ್ಟರು. ಏಪ್ರಿಲ್ 27ಕ್ಕೆ ಅಧಿವೇಶನ ಕರೆಯುತ್ತೇವೆ, ಸದನದಲ್ಲೇ ಬಹುಮತ ತೋರಿಸುತ್ತೇವೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ಸಂವಿಧಾನದ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು, ರಾಷ್ಟ್ರಪತಿ ಆಳ್ವಿಕೆ ಬಂತು.

ಬೊಮ್ಮಾಯಿ ಹೈಕೋರ್ಟಿಗೆ ಹೋದರು. ಅರ್ಜಿ ಬಿತ್ತು. ಸುಪ್ರೀಂ ಕೋರ್ಟಿಗೆ ಹೋದರು. ಬೇರೆ ರಾಜ್ಯಗಳ ಇಂಥದ್ದೇ ಪ್ರಕರಣಗಳೂ ಜೊತೆ ಸೇರಿದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದನ್ನು ರಾಜಭವನದಲ್ಲಿ ಪತ್ರ ಎಣಿಸಿ ತೀರ್ಮಾನಿಸುವಂತಿಲ್ಲ, ಅದು ಸದನದಲ್ಲೇ ಗೊತ್ತಾಗಬೇಕು ಎಂದು ಕೋರ್ಟ್ ಹೇಳಿತು. ರಾಷ್ಟ್ರಪತಿ ಆಳ್ವಿಕೆಯ ಆದೇಶವನ್ನೂ ನ್ಯಾಯಾಲಯ ಪರಿಶೀಲಿಸಬಹುದು ಎಂದಿತು. ಕರ್ನಾಟಕದಲ್ಲಿ ಮಾಡಿದ ವಜಾ ಅಸಾಂವಿಧಾನಿಕ ಎಂದೂ ಹೇಳಿತು.

ಆದರೆ ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು. 1989ರ ಕೊನೆಯಲ್ಲೇ ಹೊಸ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತ್ತು. ಬೊಮ್ಮಾಯಿ ಅವರಿಗೆ ಕಳೆದುಕೊಂಡ ಕುರ್ಚಿ ವಾಪಸ್ ಸಿಗಲಿಲ್ಲ. ಅವರಿಗಾದ ಅನ್ಯಾಯದಿಂದ ಹುಟ್ಟಿದ ನಿಯಮ ಮುಂದೆ ಬಂದವರನ್ನು ಕಾಪಾಡಿತು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಕಡಿಮೆ ಮಾಡಿ ಮೇ 19ಕ್ಕೇ ಸದನದಲ್ಲಿ ತೋರಿಸಿ ಎಂದಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮರುವರ್ಷ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಸದನದಲ್ಲೇ 99–105ರಿಂದ ಬಿತ್ತು. ಎರಡು ಸಲವೂ ತೀರ್ಮಾನ ಆಗಿದ್ದು ವಿಧಾನಸೌಧದೊಳಗೆ, ಎಲ್ಲರ ಕಣ್ಣೆದುರಿಗೆ.

ಮಗ: ಮೊದಲ ಸೋಲು, ನಂತರ ಪರಿಷತ್ತು

ಬಸವರಾಜ ಬೊಮ್ಮಾಯಿ ಹುಟ್ಟಿದ್ದು 1960ರ ಜನವರಿ 28ರಂದು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಪುಣೆಯಲ್ಲಿ ಟಾಟಾ ಕಂಪನಿಯಲ್ಲಿ ಕೆಲಸ ಮಾಡಿದವರು. ಆಮೇಲೆ ಜನತಾದಳದ ರಾಜಕೀಯಕ್ಕೆ ಬಂದರು.

1994ರ ವಿಧಾನಸಭಾ ಚುನಾವಣೆಯಲ್ಲಿ ಅವರು ನಿಂತದ್ದು ಅಪ್ಪ ಹಿಂದೆ ಗೆದ್ದಿದ್ದ ಹುಬ್ಬಳ್ಳಿ ಗ್ರಾಮೀಣದಲ್ಲೇ. ಆ ಸಲ ಜನತಾದಳ 115 ಸ್ಥಾನ ಗೆದ್ದು ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು. ಅಪ್ಪನ ಪರವಾಗಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದೂ ಅದೇ ವರ್ಷ. ಹೆಸರಿತ್ತು, ಪಕ್ಷದ ಗಾಳಿಯಿತ್ತು. ಆದರೂ ಬಸವರಾಜ ಸೋತರು. ಗೆದ್ದವರು ಬಿಜೆಪಿಯ ಜಗದೀಶ ಶೆಟ್ಟರ್. ಆ ಹೊತ್ತಿಗೆ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ವಿವಾದ ಹುಬ್ಬಳ್ಳಿಯನ್ನು ಕಲಕಿಹಾಕಿತ್ತು. ರಾಜ್ಯದ ಲೆಕ್ಕವೇ ಬೇರೆ, ಊರಿನ ಲೆಕ್ಕವೇ ಬೇರೆ ಆಗಿತ್ತು. ಮುಂದೆ ಇಬ್ಬರೂ ಒಂದೇ ಪಕ್ಷದಲ್ಲಿ ಸೇರಿ, ಇಬ್ಬರೂ ಮುಖ್ಯಮಂತ್ರಿಗಳಾದರು.

ಸೋತ ಮೇಲೆ ಬಸವರಾಜ ಅವರಿಗೆ ಎರಡು ಅವಕಾಶ ಸಿಕ್ಕವು. ಮೊದಲನೆಯದು, ಮುಖ್ಯಮಂತ್ರಿ ಜೆ.ಎಚ್. ಪಟೇಲರ ರಾಜಕೀಯ ಕಾರ್ಯದರ್ಶಿ ಹುದ್ದೆ. ಇಂಥ ಹುದ್ದೆಗೆ ಚುನಾವಣೆ ಇಲ್ಲ, ಮುಖ್ಯಮಂತ್ರಿಯ ನಂಬಿಕೆ ಇದ್ದರೆ ಆಯಿತು. ಆಡಳಿತ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಸಿಗುತ್ತದೆ. ದೊಡ್ಡ ರಾಜಕಾರಣಿಯ ಮಗ ಅಲ್ಲದಿದ್ದರೆ ಆ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುತ್ತಿತ್ತೇ ಎಂಬ ಪ್ರಶ್ನೆ ಇಲ್ಲಿ ನ್ಯಾಯವಾದದ್ದೇ.

ಎರಡನೆಯದು ವಿಧಾನ ಪರಿಷತ್ತು. ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಅವರು ಎರಡು ಸಲ ಎಂಎಲ್‌ಸಿ ಆದರು. ಪರಿಷತ್ತನ್ನು ಹಿಂಬಾಗಿಲು ಎಂದು ಕರೆಯುವವರು ತುಂಬ ಜನ. ನಾಮಕರಣದ ಮಟ್ಟಿಗೆ ಆ ಮಾತು ಒಪ್ಪಬಹುದು. ಸ್ಥಳೀಯ ಸಂಸ್ಥೆಗಳ ಕ್ಷೇತ್ರ ಹಾಗಲ್ಲ. ಅಲ್ಲಿ ಮತ ಹಾಕುವುದು ಪಂಚಾಯಿತಿ, ಪುರಸಭೆ ಸದಸ್ಯರು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳ ಹಳ್ಳಿ ಮುಖಂಡರ ಬಾಗಿಲು ತಟ್ಟಬೇಕು. ಸುಮಾರು ಹತ್ತು ವರ್ಷ ಹೀಗೆ ಓಡಾಡಿದವರಿಗೆ ಹಾವೇರಿ ಜಿಲ್ಲೆಯ ಶಿಗ್ಗಾವಿ ಹೊಸ ಊರಾಗಿರಲಿಲ್ಲ.

ಪಕ್ಷವೂ ಬದಲು, ಕ್ಷೇತ್ರವೂ ಬದಲು

2007ರ ಅಕ್ಟೋಬರ್‌ನಲ್ಲಿ ಎಸ್.ಆರ್. ಬೊಮ್ಮಾಯಿ ತೀರಿಕೊಂಡರು. ಹಳೆಯ ಜನತಾ ಪಕ್ಷದಿಂದ ಬಂದ ಜನತಾ ಪರಿವಾರ ಆ ಹೊತ್ತಿಗೆ ಹಲವು ಹೋಳಾಗಿತ್ತು. 2008ರಲ್ಲಿ ಬಸವರಾಜ ಬಿಜೆಪಿ ಸೇರಿದರು. ಅದೇ ವರ್ಷ ಕ್ಷೇತ್ರಗಳ ಗಡಿಯೂ ಬದಲಾಯಿತು. ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರದ ಗಡಿ ಮತ್ತೆ ಗುರುತಿಸುವುದನ್ನು ಕ್ಷೇತ್ರ ಮರುವಿಂಗಡಣೆ ಎನ್ನುತ್ತಾರೆ. ಅದರಲ್ಲಿ ಹುಬ್ಬಳ್ಳಿ ಗ್ರಾಮೀಣ ಎಂಬ ಕ್ಷೇತ್ರವೇ ಇಲ್ಲವಾಯಿತು. ಅಪ್ಪನ ಕ್ಷೇತ್ರ ನಕ್ಷೆಯಿಂದಲೇ ಹೋಯಿತು. ಮಗ ಶಿಗ್ಗಾವಿಗೆ ಬಂದರು, ಗೆದ್ದರು. 2013, 2018, 2023ರಲ್ಲೂ ಗೆದ್ದರು.

ಪಕ್ಷ ಬದಲಾಯಿಸುವುದಕ್ಕೆ ಒಂದು ಕಾನೂನಿನ ತಡೆ ಇದೆ. ಅದೇ 1985ರ ಪಕ್ಷಾಂತರ ನಿಷೇಧ ಕಾನೂನು, ಸಂವಿಧಾನದ ಹತ್ತನೇ ಅನುಸೂಚಿ. ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದವರು ತಾವಾಗಿ ಆ ಪಕ್ಷ ಬಿಟ್ಟರೆ, ಅಥವಾ ವಿಪ್ ಮೀರಿ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳಬಹುದು. ವಿಪ್ ಅಂದರೆ ಹೀಗೇ ಮತ ಹಾಕಬೇಕು ಎಂದು ಪಕ್ಷ ಕೊಡುವ ಕಡ್ಡಾಯ ಸೂಚನೆ. ವಿಧಾನಸಭೆಯಲ್ಲಿ ತೀರ್ಮಾನಿಸುವುದು ಸ್ಪೀಕರ್, ಪರಿಷತ್ತಿನಲ್ಲಿ ಸಭಾಪತಿ. ಮೊದಲು ಮೂರನೇ ಒಂದು ಭಾಗದಷ್ಟು ಶಾಸಕರು ಒಡೆದು ಹೋದರೆ ವಿನಾಯಿತಿ ಇತ್ತು. 2003ರಲ್ಲಿ ಅದನ್ನು ತೆಗೆದರು. ಈಗ ಮೂರನೇ ಎರಡು ಭಾಗ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಮಾತ್ರ ರಕ್ಷಣೆ.

ಈ ಕಾನೂನನ್ನು ದಾಟುವ ದಾರಿಯನ್ನೂ ನಾವು ಕಂಡಿದ್ದೇವೆ. ಪಕ್ಷ ಬಿಡುವುದಿಲ್ಲ, ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಡುವುದು. ಆಮೇಲೆ ಹೊಸ ಪಕ್ಷದ ಚಿಹ್ನೆಯಲ್ಲಿ ಉಪಚುನಾವಣೆಗೆ ನಿಲ್ಲುವುದು. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಕಡೆಯಿಂದ ಹೊರಬಂದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಆ ಡಿಸೆಂಬರ್‌ನ 15 ಉಪಚುನಾವಣೆಗಳಲ್ಲಿ 12 ಬಿಜೆಪಿಗೆ ಬಂದವು.

ಮಂತ್ರಿಯಾಗುವುದು ಯಾಕೆ ಅಷ್ಟು ದೊಡ್ಡ ವಿಷಯ

ಮಂತ್ರಿ ಸ್ಥಾನಗಳಿಗೆ ಲೆಕ್ಕ ಇದೆ. ವಿಧಾನಸಭೆಯ ಸದಸ್ಯರ ಸಂಖ್ಯೆಯಲ್ಲಿ ಶೇಕಡ 15ಕ್ಕಿಂತ ಜಾಸ್ತಿ ಮಂತ್ರಿಗಳು ಇರುವಂತಿಲ್ಲ. ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34. ಶಾಸಕರಲ್ಲದವರನ್ನೂ ಮಂತ್ರಿ ಮಾಡಬಹುದು, ಆದರೆ ಆರು ತಿಂಗಳೊಳಗೆ ಅವರು ಯಾವುದಾದರೂ ಒಂದು ಸದನದ ಸದಸ್ಯರಾಗಬೇಕು.

2008ರ ನಂತರ ಬಸವರಾಜ ಬೊಮ್ಮಾಯಿ ಅವರಿಗೆ ಜಲಸಂಪನ್ಮೂಲ ಖಾತೆ ಸಿಕ್ಕಿತು. ಕ್ಷೇತ್ರದ ಕಣ್ಣಿನಿಂದ ನೋಡಿದರೆ ಇದು ದೊಡ್ಡ ವಿಷಯ. ಶಿಗ್ಗಾವಿ ಭಾಗ ಮಳೆ ನಂಬಿದ ಒಕ್ಕಲುತನದ ನಾಡು. ಪೈಪ್ ಮೂಲಕ ಹೊಲಕ್ಕೆ ನೀರು ಕೊಡುವ ಶಿಗ್ಗಾವಿ ಏತ ನೀರಾವರಿ ಯೋಜನೆಯ ಜೊತೆ ಅವರ ಹೆಸರು ಸೇರಿಕೊಂಡಿತು. ಸಾಮಾನ್ಯ ಶಾಸಕರು ಯೋಜನೆಗಾಗಿ ಅರ್ಜಿ ಹಿಡಿದು ಮಂತ್ರಿಯ ಬಾಗಿಲಲ್ಲಿ ನಿಲ್ಲಬೇಕು. ಮಂತ್ರಿಯೇ ನಮ್ಮೂರಿನವರಾದರೆ ಕಡತ ಬೇಗ ಸಾಗುತ್ತದೆ. ಮತದಾರರಿಗೂ ಇದು ಗೊತ್ತು.

2019ರಲ್ಲಿ ಅವರು ಗೃಹ ಮಂತ್ರಿಯಾದರು. 2021ರ ಜುಲೈ 28ರಂದು, ಯಡಿಯೂರಪ್ಪ ರಾಜೀನಾಮೆಯ ನಂತರ, ಮುಖ್ಯಮಂತ್ರಿಯಾದರು. ಅಪ್ಪ, ಮಗ ಇಬ್ಬರೂ ಮುಖ್ಯಮಂತ್ರಿಗಳಾದದ್ದು ರಾಜ್ಯದಲ್ಲಿ ಎರಡನೇ ಸಲ. ಮೊದಲನೆಯದು ದೇವೇಗೌಡ, ಕುಮಾರಸ್ವಾಮಿ ಅವರದು. 2023ರ ಚುನಾವಣೆಯಲ್ಲಿ ಬಿಜೆಪಿ 66ಕ್ಕೆ ಇಳಿಯಿತು, ಕಾಂಗ್ರೆಸ್ 135 ಗೆದ್ದಿತು. ಸರ್ಕಾರ ಹೋಯಿತು. ಶಿಗ್ಗಾವಿಯಲ್ಲಿ ಮಾತ್ರ ಬೊಮ್ಮಾಯಿ 35,978 ಮತಗಳ ಅಂತರದಲ್ಲಿ ಗೆದ್ದರು.

ಸಂಸದರಾದರೆ ಶಾಸಕ ಸ್ಥಾನ ಏನಾಗುತ್ತದೆ

2024ರಲ್ಲಿ ಬೊಮ್ಮಾಯಿ ಹಾವೇರಿಯಿಂದ ಲೋಕಸಭೆಗೆ ನಿಂತು 43,513 ಮತಗಳಿಂದ ಗೆದ್ದರು. ಒಬ್ಬರೇ ಎರಡು ಕಡೆ ಸದಸ್ಯರಾಗಿ ಇರುವಂತಿಲ್ಲ. ಸಂಸತ್ತಿಗೆ ಆಯ್ಕೆಯಾದದ್ದು ಗೆಜೆಟ್‌ನಲ್ಲಿ ಪ್ರಕಟವಾದ 14 ದಿನದೊಳಗೆ ಶಾಸಕ ಸ್ಥಾನ ಬಿಡಬೇಕು. ಬಿಡದಿದ್ದರೆ ಹೋಗುವುದು ಸಂಸತ್ ಸ್ಥಾನ. ಬೊಮ್ಮಾಯಿ ಜೂನ್‌ನಲ್ಲಿ ಶಾಸಕ ಸ್ಥಾನ ಬಿಟ್ಟರು.

ಸ್ಥಾನ ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಸದನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಡ್ಡಾಯ ಇಲ್ಲ. ಶಿಗ್ಗಾವಿಯಲ್ಲಿ ನವೆಂಬರ್ 13ರಂದು ಮತದಾನ, 23ರಂದು ಎಣಿಕೆ.

ಉಪಚುನಾವಣೆಯ ಸ್ವಭಾವವೇ ಬೇರೆ. ಸಾಮಾನ್ಯ ಚುನಾವಣೆಯಲ್ಲಿ ಯಾರು ಸರ್ಕಾರ ಮಾಡಬೇಕು ಎಂಬ ಪ್ರಶ್ನೆ ಇರುತ್ತದೆ. ಇಲ್ಲಿ ಸರ್ಕಾರ ಆಗಲೇ ಇದೆ. ಮಂತ್ರಿಗಳು ಬಂದು ಊರಲ್ಲಿ ಉಳಿಯುತ್ತಾರೆ. ಹೋಬಳಿಗೊಬ್ಬರು, ಪಂಚಾಯಿತಿಗೊಬ್ಬರು ಎಂದು ಜವಾಬ್ದಾರಿ ಹಂಚಿಕೊಳ್ಳುತ್ತಾರೆ. ಆಡಳಿತ ಪಕ್ಷದ ಶಾಸಕರಿದ್ದರೆ ಕೆಲಸ ಆಗುತ್ತದೆ ಎಂಬ ಮಾತು ಹಳ್ಳಿಕಟ್ಟೆಯಲ್ಲಿ ಓಡಾಡುತ್ತದೆ. ಬಸವರಾಜ ಅವರಿಗೆ ಮಂತ್ರಿಯಾಗಿದ್ದಾಗ ಸಿಕ್ಕಿದ್ದ ಅನುಕೂಲ ಈಗ ಎದುರಾಳಿಯ ಕಡೆ ಇತ್ತು.

ಮೊಮ್ಮಗ: ಅಂಕಿಗಳು ಏನು ಹೇಳುತ್ತವೆ

ಕಾಂಗ್ರೆಸ್ 2023ರಲ್ಲಿ ಸೋತಿದ್ದ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರಿಗೇ ಮತ್ತೆ ಟಿಕೆಟ್ ಕೊಟ್ಟಿತು. ಹಿಂದೆ ಬೊಮ್ಮಾಯಿ ಎದುರು ನಿಂತು ಸೋತಿದ್ದ ಅಜ್ಜಂಪೀರ್ ಖಾದ್ರಿ ಬಂಡಾಯವೆದ್ದು ನಾಮಪತ್ರ ಹಾಕಿದರು. ಪಕ್ಷದವರು ಮನವೊಲಿಸಿದ ಮೇಲೆ ವಾಪಸ್ ಪಡೆದರು. ಬಂಡಾಯ ಶಮನ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದು ಇದೇ. ನಾಮಪತ್ರ ವಾಪಸ್ ಪಡೆಯುವ ಗಡುವಿನೊಳಗೆ ಇದು ಆಗಲೇಬೇಕು. ತಪ್ಪಿದರೆ ಬಂಡಾಯಗಾರರ ಹೆಸರು ಮತಯಂತ್ರದಲ್ಲಿ ಉಳಿದುಬಿಡುತ್ತದೆ.

2023ರಲ್ಲಿ ಬಸವರಾಜ ಬೊಮ್ಮಾಯಿ ಪಡೆದದ್ದು 1,00,016 ಮತ, ಪಠಾಣ್ 64,038. ಒಂದೂವರೆ ವರ್ಷದ ನಂತರ ಪಠಾಣ್ 1,00,756, ಭರತ್ ಬೊಮ್ಮಾಯಿ 87,308. ಅಂತರ 13,448.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಪ್ಪನಿಗೆ ಬಿದ್ದ ಮತಗಳಿಗಿಂತ ಮಗನಿಗೆ ಕಡಿಮೆಯಾದದ್ದು 12,708. ಕಾಂಗ್ರೆಸ್ಸಿಗೆ ಹೆಚ್ಚಾದದ್ದು 36,718. ಅಂದರೆ ಕುಟುಂಬದ ಮತಗಳು ಕರಗಿಹೋದವು ಎನ್ನುವುದು ಅರ್ಧ ಮಾತ್ರ ನಿಜ. ಮೊದಲ ಸಲ ನಿಂತವರಿಗೆ 87 ಸಾವಿರ ಮತ ಸಣ್ಣದಲ್ಲ. ಉದ್ಯಮಿಯಾಗಿದ್ದವರೊಬ್ಬರು ಹೆಸರಿನ ಬಲವಿಲ್ಲದೆ ಅಷ್ಟು ಕಡಿಮೆ ಸಮಯದಲ್ಲಿ ಅಲ್ಲಿಗೆ ಮುಟ್ಟುವುದು ಕಷ್ಟವೇ. ಎದುರು ಪಕ್ಷ ತನ್ನ ಮತಗಳನ್ನು ಒಟ್ಟುಗೂಡಿಸಿ ಅದಕ್ಕಿಂತ ಮೇಲೆ ಹೋಯಿತು. ಹೆಸರು ತಂದುಕೊಟ್ಟದ್ದು ಸಾಲಲಿಲ್ಲ.

ಚನ್ನಪಟ್ಟಣದಲ್ಲಿ ನಿಖಿಲ್ 25,413 ಮತಗಳಿಂದ ಸೋತರು. ಎದುರಿಗಿದ್ದ ಸಿ.ಪಿ. ಯೋಗೇಶ್ವರ್ ಆ ಕ್ಷೇತ್ರದಲ್ಲಿ ಹಿಂದೆ ಹಲವು ಸಲ ಗೆದ್ದವರು, ಚುನಾವಣೆಗೆ ಸ್ವಲ್ಪ ಮೊದಲು ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ್ದರು. ಸಂಡೂರಿನಲ್ಲಿ ಅನ್ನಪೂರ್ಣ 9,649 ಮತಗಳಿಂದ ಗೆದ್ದರು. ಅಲ್ಲಿ ಕುಟುಂಬದ ಹೆಸರೂ ಆಡಳಿತ ಪಕ್ಷವೂ ಒಂದೇ ಕಡೆ ಇದ್ದವು. ಉಳಿದ ಎರಡು ಕಡೆ ಹೆಸರು ಒಂದು ಬದಿ, ಸರ್ಕಾರ ಇನ್ನೊಂದು ಬದಿ. ಮೂರು ಫಲಿತಾಂಶಗಳಲ್ಲಿ ನನಗೆ ಎದ್ದು ಕಾಣುವ ವ್ಯತ್ಯಾಸ ಇದು.

ಸೋತ ಮೇಲೆ

ಇಂಥ ಸೋಲು ಕೊನೆಯಾಗಬೇಕಿಲ್ಲ. 2009ರಲ್ಲಿ ಮಲ್ಲಿಕಾರ್ಜುನ ಖರ್ಗೆ ಕಲಬುರಗಿಯಿಂದ ಲೋಕಸಭೆಗೆ ಹೋದಾಗ ಚಿತ್ತಾಪುರ ಖಾಲಿಯಾಯಿತು. ಉಪಚುನಾವಣೆಯಲ್ಲಿ ಅವರ ಮಗ ಪ್ರಿಯಾಂಕ್ ನಿಂತು ಸೋತರು. ಭರತ್ ಅವರಿಗೆ ಆದದ್ದೇ ಅವರಿಗೂ ಆಗಿತ್ತು, ಆಗಲೂ ರಾಜ್ಯದಲ್ಲಿ ಸರ್ಕಾರ ಎದುರಾಳಿ ಪಕ್ಷದ್ದೇ. ಪ್ರಿಯಾಂಕ್ 2013ರಲ್ಲಿ ಅದೇ ಚಿತ್ತಾಪುರದಿಂದ ಗೆದ್ದರು, 2018 ಮತ್ತು 2023ರಲ್ಲೂ ಗೆದ್ದರು, ಮಂತ್ರಿಯಾದರು.

ನಿಖಿಲ್ ಅವರದು ಬೇರೆ. 2019ರಲ್ಲಿ ಮಂಡ್ಯ ಲೋಕಸಭೆ, 2023ರಲ್ಲಿ ರಾಮನಗರ, 2024ರಲ್ಲಿ ಚನ್ನಪಟ್ಟಣ. ಮೂರು ಚುನಾವಣೆ, ಮೂರು ಬೇರೆ ಕ್ಷೇತ್ರ, ಮೂರು ಸೋಲು. ಯತೀಂದ್ರ ಸಿದ್ದರಾಮಯ್ಯ 2018ರಲ್ಲಿ ವರುಣಾದಿಂದ ಗೆದ್ದು, 2023ರಲ್ಲಿ ಅದನ್ನು ಅಪ್ಪನಿಗೆ ಬಿಟ್ಟುಕೊಟ್ಟು, 2024ರಲ್ಲಿ ಶಾಸಕರ ಮತದಿಂದ ಎಂಎಲ್‌ಸಿ ಆದರು.

ಇಲ್ಲಿ ಸಾಮಾನ್ಯ ಕಾರ್ಯಕರ್ತನಿಗೂ ಕುಟುಂಬದವರಿಗೂ ಇರುವ ಅಂತರ ಚೆನ್ನಾಗಿ ಕಾಣುತ್ತದೆ. ಒಮ್ಮೆ ಸೋತ ಸಾಮಾನ್ಯ ಅಭ್ಯರ್ಥಿಗೆ ಎರಡನೇ ಟಿಕೆಟ್ ಸಿಗುವುದೇ ಕಷ್ಟ. ಕುಟುಂಬದವರಿಗೆ ಎರಡನೇ, ಮೂರನೇ ಅವಕಾಶ ಸಿಗುತ್ತದೆ, ಪರಿಷತ್ತಿನ ದಾರಿಯೂ ತೆರೆದಿರುತ್ತದೆ.

ಮತ ಹಾಕುವ ಮೊದಲು ನೋಡಬಹುದಾದದ್ದು

ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಅಫಿಡವಿಟ್ ಸಲ್ಲಿಸಬೇಕು. ತಮ್ಮ, ಗಂಡ ಅಥವಾ ಹೆಂಡತಿಯ ಮತ್ತು ಅವಲಂಬಿತರ ಆಸ್ತಿ, ಸಾಲ, ತಮ್ಮ ಮೇಲಿರುವ ಕ್ರಿಮಿನಲ್ ಪ್ರಕರಣಗಳು, ಓದು, ಎಲ್ಲವೂ ಅದರಲ್ಲಿರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಅಪ್ಪನ ಹಳೆಯ ಅಫಿಡವಿಟ್, ಮಗನ ಹೊಸ ಅಫಿಡವಿಟ್ ಎರಡನ್ನೂ ಜೊತೆಗಿಟ್ಟು ನೋಡಿದರೆ ಎಷ್ಟೋ ತಿಳಿಯುತ್ತದೆ.

ಶಾಸಕರಾಗಿದ್ದವರ ಬಗ್ಗೆ ಇನ್ನೊಂದು ದಾಖಲೆ ಇದೆ, ಸದನದ ನಡವಳಿ. ಯಾರು ಯಾವ ಪ್ರಶ್ನೆ ಕೇಳಿದರು, ಯಾವ ಮಸೂದೆಯ ಮೇಲೆ ಏನು ಮಾತಾಡಿದರು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ. ನಿಮ್ಮ ಕ್ಷೇತ್ರದ ಶಾಸಕರ ಹೆಸರು ಹುಡುಕಿ, ನಿಮ್ಮ ತಾಲ್ಲೂಕಿನ ನೀರು, ರಸ್ತೆ, ಶಾಲೆಯ ಬಗ್ಗೆ ಅವರು ಕೇಳಿದ ಪ್ರಶ್ನೆಗಳನ್ನು ಓದಲು ಶುರುಮಾಡಬಹುದು.